ನನ್ನ ಕೈಗೆ ಕೊಟ್ಟ ಬೀಜ

ಬೀಜದ ಗಂಟನ್ನು ಆಕೆ ನಮ್ಮ ಮ್ಯಾನೇಜರರ ಕೈಗೆ ಕೊಡಲಿಲ್ಲ. ಮಸ್ಕತ್‌ನ ಖುರುಮ್ ಬಡಾವಣೆಯ ಆಫೀಸಿನಲ್ಲಿ ಮ್ಯಾನೇಜರ್ ಕುರ್ಚಿಯಿಂದ ಎದ್ದು ಎರಡೂ ಕೈ ಚಾಚಿ ನಿಂತಿದ್ದರು. "ಹೊಲದಲ್ಲಿ ಬಗ್ಗೋದು ಯಾರು?" ಎಂದು ಆಕೆ ಇಂಗ್ಲಿಷಿನಲ್ಲಿ ಕೇಳಿದರು. ಮ್ಯಾನೇಜರ್ ನಗುತ್ತಾ ನನ್ನನ್ನು ತೋರಿಸಿದರು. ಆಕೆ ಗಂಟನ್ನು ನನ್ನ ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ತಾವೇ ಒಂದೊಂದಾಗಿ ಮಡಚಿದರು.

ಆಕೆ ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ದೇಶದ ಒಂದು ಹಳ್ಳಿಯ ಹೆಂಗಸರ ಕೃಷಿ ಸಂಘದ ಅಧ್ಯಕ್ಷೆ. ನಾನು ಮಸ್ಕತ್‌ನಲ್ಲಿ ಆಹಾರ ಪದಾರ್ಥ ಆಮದು ಮಾಡುವ ಕಂಪನಿಯಲ್ಲಿ ಸರಕಿನ ಗುಣಮಟ್ಟ ನೋಡುವವಳು. ಆ ಹಳ್ಳಿಯಿಂದ ನಾವು ಒಣಗಿಸಿದ ವೊಂಜೊ ತರಿಸುತ್ತಿದ್ದೆವು. ವೊಂಜೊ ಎಂದರೆ ಉತ್ತರ ಕರ್ನಾಟಕದವರ ಪುಂಡಿ ಗಿಡದ್ದೇ ಜಾತಿ. ಹಾಸ್ಟೆಲಿನಲ್ಲಿ ರಾಯಚೂರು ಕಡೆಯ ನನ್ನ ರೂಮ್‌ಮೇಟ್ ಅದರ ಸೊಪ್ಪಿನ ಪಲ್ಯದ ಡಬ್ಬಿ ತರುತ್ತಿದ್ದಳು. ಇಲ್ಲಿ ಬೇಕಾಗಿದ್ದದ್ದು ಸೊಪ್ಪಲ್ಲ. ಹೂವು ಉದುರಿದ ಮೇಲೆ ಎಳೆ ಕಾಯಿಯನ್ನು ಸುತ್ತಿಕೊಂಡು ದಪ್ಪಗಾಗುವ ಕೆಂಪು ಹೊದಿಕೆ. ಅದನ್ನು ಒಣಗಿಸಿ ಕುದಿಸಿದರೆ ಅರಬರು ಇಷ್ಟಪಡುವ ಹುಳಿ ಶರಬತ್ತು. ಈ ಹಳ್ಳಿಯ ತಳಿಯ ಬಣ್ಣ ಬೇರೆಲ್ಲೂ ಸಿಗದಷ್ಟು ಗಾಢ. ಆದರೆ ಕೆಲವು ಚೀಲಗಳಲ್ಲಿ ಬೂಷ್ಟು ಬರುತ್ತಿತ್ತು.

ಅದಕ್ಕೇ ಈ ಯೋಜನೆ ಎಂದು ಮ್ಯಾನೇಜರ್ ನನಗೆ ಹೇಳಿದ್ದರು. ಅಧ್ಯಕ್ಷೆ ಒಂದು ಹಂಗಾಮು ಒಮಾನಿಗೆ ಬರುವುದು. ಇಬ್ರಿಯ ಹತ್ತಿರ ಒಂದು ತುಂಡು ಜಮೀನಿನಲ್ಲಿ ವೊಂಜೊ ಬೆಳೆಯುವುದು. ಗಲ್ಫ್ ಮಾರುಕಟ್ಟೆ ಒಪ್ಪುವ ಹಾಗೆ ಒಣಗಿಸುವ ಕ್ರಮವನ್ನು ಇಬ್ಬರೂ ಸೇರಿ ಕಂಡುಕೊಳ್ಳುವುದು. ಆಕೆ ಅದನ್ನು ಹಳ್ಳಿಗೆ ಒಯ್ಯುವುದು. ಹಳ್ಳಿಯ ಬೇಸಾಯ, ದಿನಚರಿ ಎಲ್ಲವನ್ನೂ ನಾನು ಬರೆದಿಡಬೇಕು. ಅದನ್ನು ದೊಡ್ಡ ಅಂಗಡಿಗಳಿಗೆ ತೋರಿಸಿದರೆ ಆರ್ಡರ್ ದುಪ್ಪಟ್ಟಾಗುತ್ತದೆ. ಹಳ್ಳಿಯಲ್ಲಿ ಮಳೆ ಬೀಳುವ ಮೊದಲೇ ಸಂಘಕ್ಕೆ ಫೋನ್ ಮಾಡಿ, ಈ ವರ್ಷ ಹೆಚ್ಚು ಬಿತ್ತಿ ಎಂದು ಹೇಳಿದವಳು ನಾನೇ.

ಆ ಫೋನಿನಲ್ಲಿ ಅಧ್ಯಕ್ಷೆ ಒಂದೇ ಪ್ರಶ್ನೆ ಕೇಳಿದ್ದರು. "ನಿಮ್ಮ ಮ್ಯಾನೇಜರ್ ನಿನಗೆ ಗೊತ್ತಾ?"

"ನಮ್ಮೂರಿನವರು," ಎಂದೆ. ಆಕೆಗೆ ಅಷ್ಟು ಸಾಕಾಯಿತು. ನನಗೂ ಅಷ್ಟೇ ಸಾಕಾಗಿತ್ತು. ಮ್ಯಾನೇಜರರ ಮನೆಮಾತು ಕೊಂಕಣಿ, ನನ್ನದು ತುಳು. ನಮ್ಮ ನಡುವೆ ಮಂಗಳೂರಿನ ಕನ್ನಡ. ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. ನಾನು ಬೇರೆಯವರ ಎದುರು ಸರ್, ಇಲ್ಲದಿದ್ದರೆ ಅಣ್ಣ ಎನ್ನುತ್ತಿದ್ದೆ. ನನಗೆ ಜ್ವರ ಬಂದಾಗ ಅವರ ಹೆಂಡತಿ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ ಕಳಿಸಿದ್ದರು. ಗಲ್ಫಿನ ಆಫೀಸಿನಲ್ಲಿ ಊರಿನ ಮಾತು ಆಡುವವರು ಸಿಕ್ಕರೆ ನಮ್ಮ ಕಡೆಯವರು ಆಮೇಲೆ ಪ್ರಶ್ನೆ ಕೇಳುವುದಿಲ್ಲ.

ಇಬ್ರಿಗೆ ಹೋಗುವ ದಾರಿಯಲ್ಲಿ, ನನ್ನ ಮಡಿಲಲ್ಲಿದ್ದ ಗಂಟನ್ನು ತೋರಿಸಿ ಅಧ್ಯಕ್ಷೆ ಹೇಳಿದರು. "ನಾವು ಬೀಜ ಮಾರೋದಿಲ್ಲ. ಕೈಗೆ ಕೊಡ್ತೀವಿ. ಬೆಳೆ ಬಂದ ಮೇಲೆ ಅದೇ ಕೈ ತಿರುಗಿ ಕೊಡಬೇಕು. ಕೊಡದವಳಿಗೆ ಮತ್ತೆ ಯಾವ ಮನೆಯೂ ಬೀಜ ಕೊಡೋದಿಲ್ಲ."

"ಬೆಳೆ ಹೋದರೆ?"

"ಮುಂದಿನ ವರ್ಷ ಕೊಡು. ನೀನು ಸತ್ತರೆ ನಿನ್ನ ಮಗಳು ಕೊಡ್ತಾಳೆ." ನನ್ನ ಕಡೆ ತಿರುಗಿ, "ಮದುವೆ ಆಗಿಲ್ಲ ಅಲ್ವಾ? ಬೇಗ ಆಗು. ಸಾಲ ಇದೆ," ಎಂದರು. ಪಿಕಪ್ ಓಡಿಸುತ್ತಿದ್ದ ನಮ್ಮ ಡ್ರೈವರ್ ಕಿಸಕ್ಕನೆ ನಕ್ಕ. ಅವನು ಉಪ್ಪಿನಂಗಡಿ ಕಡೆಯ ಬ್ಯಾರಿ. ಇಂಗ್ಲಿಷ್ ಅರ್ಧಂಬರ್ಧ ಬಂದರೂ ಅವನಿಗೆ ಬೇಕಾದ್ದೆಲ್ಲ ತಿಳಿಯುತ್ತಿತ್ತು.

ಜಮೀನು ಹಳೆಯ ಖರ್ಜೂರದ ತೋಟದ ಅಂಚಿನಲ್ಲಿತ್ತು. ಬೆಟ್ಟದ ಬುಡದಿಂದ ಬರುವ ಫಲಜ್ ಕಾಲುವೆಯ ನೀರು ಸರದಿಯ ಪ್ರಕಾರ ಒಬ್ಬೊಬ್ಬರ ತೋಟಕ್ಕೆ ತಿರುಗುತ್ತದೆ. ನಮ್ಮ ಸರದಿ ಬೆಳಗಿನ ಹೊತ್ತು. ನೀರು ಬರುವುದರೊಳಗೆ ನಾವು ಬದು ಸರಿಮಾಡಿಕೊಂಡು ಕಾಯಬೇಕಿತ್ತು.

ಮೊದಲ ಬಿತ್ತನೆ ಹೋಯಿತು. ಎತ್ತರಿಸಿದ ಮಣ್ಣಿನ ದಿಂಡಿನ ನೆತ್ತಿಯ ಮೇಲೆ ಬೀಜ ಊರಿದ್ದೆವು. ಮೊಳಕೆ ಬಂದದ್ದು ಅಲ್ಲೊಂದು ಇಲ್ಲೊಂದು. ಮಣ್ಣಿನ ಮೇಲೆ ಬಿಳಿಯ ಹೆಪ್ಪು ಕಟ್ಟಿತ್ತು. ಎರಡೂ ಬದಿಯ ಕಾಲುವೆಯಿಂದ ಮೇಲೇರುವ ತೇವ ನೆತ್ತಿಯಲ್ಲಿ ಒಣಗಿ ಉಪ್ಪನ್ನು ಅಲ್ಲೇ ಬಿಟ್ಟುಹೋಗುತ್ತದೆ ಎಂಬುದು ನಾನು ಓದಿದ ಪಾಠವೇ. ಹೊಲದಲ್ಲಿ ನಿಂತಾಗ ನೆನಪಾಗಿರಲಿಲ್ಲ. ಎರಡನೆಯ ಸಲ ದಿಂಡಿನ ಇಳಿಜಾರಿನಲ್ಲಿ, ನೀರು ಮುಟ್ಟುವ ಗೆರೆಗಿಂತ ಸ್ವಲ್ಪ ಮೇಲೆ ಊರಿದೆವು. ಗಂಟು ಖಾಲಿಯಾಯಿತು. ಈ ಸಲ ಸಾಲಿಗೆ ಸಾಲೇ ಎದ್ದು ನಿಂತಿತು.

ಅಧ್ಯಕ್ಷೆ ಪ್ರತಿ ಬೆಳಿಗ್ಗೆ ಕೆಲಸಕ್ಕೆ ಕೈ ಹಾಕುವ ಮುಂಚೆ ಕುಶಲ ಕೇಳುತ್ತಿದ್ದರು. ರಾತ್ರಿ ನೆಮ್ಮದಿಯಿಂದ ಕಳೆಯಿತೇ, ತಾಯಿ ಹೇಗಿದ್ದಾರೆ, ಮನೆಯವರು ಹೇಗಿದ್ದಾರೆ, ಊರು ಹೇಗಿದೆ, ಕೆಲಸ ಹೇಗಿದೆ. ಒಂದೇ ಕೋಣೆಯಲ್ಲಿ ಮಲಗಿ ಎದ್ದವರು ನಾವು. ಆದರೂ ಹೊಲದ ಅಂಚಿಗೆ ಬಂದ ಮೇಲೆ ಎಲ್ಲ ಮತ್ತೆ ಕೇಳಬೇಕು, ಪ್ರತಿಯೊಂದಕ್ಕೂ ಉತ್ತರ ಬರಬೇಕು. ಮನೆಯ ವಿಷಯ ಮಾತಾಡಿ ಅಭ್ಯಾಸವಿಲ್ಲದ ನನಗೆ ಮೊದಮೊದಲು ಮುಜುಗರವಾಗುತ್ತಿತ್ತು. ಡ್ರೈವರನಿಗೆ ಅದೇ ಮನರಂಜನೆ.

"ಆಂಟಿ ನನ್ನ ಆಡು ಹೇಗುಂಟು ಅಂತ ಸಹ ಕೇಳ್ತಾರೆ ಮೇಡಂ. ನಂಗೆ ಆಡೇ ಇಲ್ಲ ಅಂದ್ರೆ, 'ಪಾಪ, ದೇವರು ಕೊಡಲಿ' ಅಂತಾರೆ. ಈಗ ಎಂತ ಮಾಡುವುದು, ಒಂದು ಆಡು ತಗೊಳ್ಳುದಾ?"

ಕಳೆ ಕೀಳುತ್ತಾ ಆಕೆ ಹೇಳಿದ ಹಳ್ಳಿಯನ್ನು ನಾನು ಸಂಜೆ ಕೋಣೆಗೆ ಬಂದು ಬರೆಯುತ್ತಿದ್ದೆ. ಬೆಳಕು ಹರಿಯುವ ಮುಂಚೆ ಒನಕೆಯ ಸದ್ದಿನಿಂದ ಅಲ್ಲಿನ ದಿನ ಶುರುವಾಗುತ್ತದೆ. ಒಂದು ಮನೆಯಲ್ಲಿ ಸದ್ದು ಕೇಳದಿದ್ದರೆ ಪಕ್ಕದವಳು ಹೋಗಿ ಬಾಗಿಲು ತಟ್ಟುತ್ತಾಳೆ. ಬಾವಿಯ ನೀರು, ಸಜ್ಜೆಯ ಗಂಜಿ, ಆಮೇಲೆ ಹೊಲ. ಏರುದಿಬ್ಬದ ಜಮೀನು ಗಂಡಸರದ್ದು, ಶೇಂಗಾ ಮತ್ತು ಸಜ್ಜೆಗೆ. ತಗ್ಗಿನ ಕೆಸರುಗದ್ದೆ ಹೆಂಗಸರದ್ದು, ಭತ್ತಕ್ಕೆ. ಬಗ್ಗಿ ಬಗ್ಗಿ ನೆಟ್ಟು, ಬಗ್ಗಿಯೇ ಕೊಯ್ಯುವುದು. ವೊಂಜೊಗೆ ಪ್ರತ್ಯೇಕ ಹೊಲವೆಂಬುದಿಲ್ಲ. ಗಂಡನ ಶೇಂಗಾ ಹೊಲದ ಸುತ್ತ ಅಂಚಿನಲ್ಲಿ ಹೆಂಡತಿ ಬಿತ್ತಿಕೊಳ್ಳುತ್ತಾಳೆ. ದನ ಒಳಗೆ ನುಗ್ಗದ ಹಾಗೆ ಅದು ಬೇಲಿಯೂ ಆಗುತ್ತದೆ. ಒಳಗಿನದು ಗಂಡನ ಬೆಳೆ. ಅಂಚಿನದು ಪೂರ್ತಿ ಅವಳದೇ. ಸಂಘದವರು ಸರದಿಯ ಮೇಲೆ ಒಬ್ಬೊಬ್ಬರ ಅಂಚನ್ನು ಹಾಡುತ್ತಾ ಕಳೆ ಕೀಳುತ್ತಾರೆ. ಕೈ ನಿಧಾನವಾದವಳ ಹೆಸರನ್ನು ಹಾಡಿನೊಳಗೇ ಸೇರಿಸಿ ರೇಗಿಸುತ್ತಾರೆ.

"ನಿನ್ನ ಹೆಸರು ಸೇರಿಸೋದಕ್ಕೆ ಸುಲಭ," ಎಂದು ನನ್ನ ಕೈಯ ವೇಗ ನೋಡಿ ಹೇಳಿದರು.

ಮಳೆಗಾಲದ ನಡುವೆ, ಕಣಜ ಬರಿದಾಗಿ ಹೊಸ ಬೆಳೆ ಇನ್ನೂ ಬಾರದ ತಿಂಗಳುಗಳಲ್ಲಿ, ಹಿಂದಿನ ವರ್ಷ ಆ ಅಂಚಿನಿಂದ ಬಂದ ದುಡ್ಡಿನಿಂದಲೇ ಅಲ್ಲಿ ಒಲೆ ಉರಿಯುತ್ತದೆ. ಈ ವರ್ಷ ನನ್ನ ಫೋನಿನ ಮೇಲೆ ಸಂಘದ ಹೆಂಗಸರು ಗಂಡಂದಿರ ಹತ್ತಿರ ಜಗಳವಾಡಿ, ಶೇಂಗಾದ ಜಾಗವನ್ನೇ ಬಿಡಿಸಿಕೊಂಡು, ಹೊಲದ ಒಳಗೂ ವೊಂಜೊ ಹಾಕಿದ್ದರು. "ನನ್ನ ಗಂಡ ಕೊಡೋದಿಲ್ಲ ಅಂದ. ನಮ್ಮ ಒಮಾನಿನ ಹುಡುಗಿ ಹೇಳಿದ್ದಾಳೆ ಅಂದೆ," ಎಂದು ಆಕೆ ಹೆಮ್ಮೆಯಿಂದ ಹೇಳಿಕೊಂಡರು.

ಹಗಲು ಚಿಕ್ಕದಾದ ಹಾಗೆ ಮೊಗ್ಗು ಬರಬೇಕು. ಬಂತು. ತೋಟದ ಪಂಪ್‌ಹೌಸಿನ ಬಳಿ ಮಾತ್ರ ಬರಲಿಲ್ಲ. ಅಲ್ಲಿನ ಗಿಡಗಳು ಸೊಕ್ಕಿ ಎತ್ತರಕ್ಕೆ ಬೆಳೆಯುತ್ತಿದ್ದವು, ಬರೀ ಎಲೆ. ಬೇರಿನ ಹುಳವಿರಬಹುದೆಂದು ಮಣ್ಣು ಬಗೆದು ನೋಡಿದೆವು, ಬೇರು ಶುದ್ಧವಾಗಿತ್ತು. ಆಮೇಲೆ ನಾನು ಮೊಗ್ಗಿಲ್ಲದ ಗಿಡಗಳಿಗೆಲ್ಲ ಒಂದೊಂದು ದಾರ ಕಟ್ಟುತ್ತಾ ಹೋದೆ. ತಿರುಗಿ ನೋಡಿದರೆ ದಾರ ಕಟ್ಟಿದ ಗಿಡಗಳು ಅರ್ಧ ಚಂದ್ರಾಕಾರವಾಗಿದ್ದವು. ನಡುವೆ ದೀಪದ ಕಂಬ. ರಾತ್ರಿಯಿಡೀ ಉರಿಯುವ ಕಾವಲು ದೀಪದಿಂದ ಆ ಗಿಡಗಳಿಗೆ ಹಗಲು ಚಿಕ್ಕದಾಗಿರಲೇ ಇಲ್ಲ. ಜಮೀನಿನ ಯಜಮಾನರನ್ನು ಕೇಳಿಕೊಂಡು ದೀಪಕ್ಕೆ ಮರೆ ಕಟ್ಟಿಸಿದೆವು. ಅಷ್ಟರಲ್ಲಿ ತಡವಾಗಿತ್ತು. ಆ ಗಿಡಗಳನ್ನು ಅಧ್ಯಕ್ಷೆ ಬುಡಸಹಿತ ಕಿತ್ತು, ಸೊಪ್ಪನ್ನು ಬೆಂಡೆಕಾಯಿಯ ಜೊತೆ ಬೇಯಿಸಿ ಮಸೆದು ನಮಗೆಲ್ಲ ಬಡಿಸಿದರು.

ಉಳಿದ ಸಾಲುಗಳಲ್ಲಿ ಕೊಯ್ಲು ಶುರುವಾಯಿತು. ಕಾಯಿ ಹಸಿರಾಗಿದ್ದು ಹೊದಿಕೆ ಗರಿಗರಿಯಾಗಿರುವಾಗಲೇ ಮುರಿಯಬೇಕು. ಚೂಪು ಮಾಡಿದ ಸಣ್ಣ ಕೊಳವೆಯನ್ನು ತೊಟ್ಟಿನ ಕಡೆಯಿಂದ ಚುಚ್ಚಿ ತಳ್ಳಿದರೆ ಒಳಗಿನ ಕಾಯಿ ಹೊರಗೆ ಬರುತ್ತದೆ, ಕೆಂಪು ಹೊದಿಕೆ ಒಡೆಯದೆ ಹೂವಿನ ಹಾಗೆ ಉಳಿಯುತ್ತದೆ. ಕಾಯಿಯ ಮೇಲಿನ ನವಿರಾದ ಮುಳ್ಳು ಬೆರಳ ತುದಿಯಲ್ಲಿ ಉಳಿದು ರಾತ್ರಿ ಉರಿಯುತ್ತಿತ್ತು. ಒಣಗಿಸುವುದಕ್ಕೆ ಮೊದಲು ಬಿಸಿಲು ಪ್ರಯತ್ನಿಸಿದೆವು, ಬಣ್ಣ ಕಂದಿತು. ನೆರಳಿನಲ್ಲಿ ನೆಲದ ಮೇಲೆ ಹರಡಿದೆವು, ಧೂಳು ಕೂತಿತು. ಕೊನೆಗೆ ಖರ್ಜೂರದ ಮರಗಳ ನಡುವೆ ಎತ್ತರದಲ್ಲಿ ಬಲೆ ಕಟ್ಟಿ, ಮೇಲೊಂದು ತೆಳು ಬಟ್ಟೆ ಹೊದಿಸಿ, ಗಾಳಿ ಕೆಳಗಿನಿಂದ ಬರುವ ಹಾಗೆ ಮಾಡಿದಾಗ ಬಣ್ಣ ನಿಂತಿತು. ಆಕೆ ಒಂದು ಹೊದಿಕೆಯನ್ನು ಬಾಯಲ್ಲಿಟ್ಟುಕೊಂಡು, "ಇದು ನಮ್ಮ ಊರಿನ ಒಣಗಾಳಿಯಲ್ಲೂ ಆಗುತ್ತೆ," ಎಂದರು. ಸಂತೋಷದಿಂದ ಅವರ ದನಿ ಏರಿತ್ತು.

ನಡುವಿನ ಸಾಲುಗಳನ್ನು ಕೊಯ್ಯದೆ ಬೀಜಕ್ಕೆ ಬಿಟ್ಟಿದ್ದೆವು. ಅದರಲ್ಲಿ ಅಧ್ಯಕ್ಷೆಗೆ ತಿರುಗಿ ಕೊಡುವ ಬೀಜವೂ ಇತ್ತು. ಅಲ್ಲಿ ಕಾಯಿ ಇನ್ನೂ ಹಸಿರಾಗಿದ್ದಾಗಲೇ ಒಂದು ದಿನ ಮ್ಯಾನೇಜರ್ ಮಸ್ಕತ್‌ನಿಂದ ಬಂದರು.

ಹೊಲದ ನಡುವೆ ನಾವು ಮೂವರೂ ನಿಂತಿದ್ದೆವು. ಅಧ್ಯಕ್ಷೆ ನನ್ನ ಪಕ್ಕದಲ್ಲೇ ಇದ್ದರು. ಮ್ಯಾನೇಜರ್ ಒಂದು ಗಿಡವನ್ನು ಸವರುತ್ತಾ, ನಗುನಗುತ್ತಾ, ಕನ್ನಡದಲ್ಲಿ ಮಾತಾಡಿದರು.

"ಭಾರೀ ಲಾಯ್ಕ್ ಆಗಿದೆ ತಂಗಿ. ಬರುವ ವರ್ಷ ಇಲ್ಲೇ ದೊಡ್ಡದು ಮಾಡುವ. ಯಜಮಾನರ ಹತ್ರ ಮಾತಾಡಿ ಆಯ್ತು. ಬುರೈಮಿಯಲ್ಲೂ ಒಂದು ಜಾಗ ನೋಡಿದ್ದೇನೆ. ಹಡಗು, ಬೂಷ್ಟು, ಆ ಹಳ್ಳಿಯ ಕಿರಿಕಿರಿ ಎಲ್ಲ ಖಲಾಸ್."

"ಹಳ್ಳಿಯ ಆರ್ಡರ್?"

"ಎಂತ ಆರ್ಡರ್ ಮಾರಾಯ್ತಿ? ಈ ಸಲ ಹಳೆಯಷ್ಟೇ ತಗೊಳ್ಳುವ. ಅದೇ ಕಡೆಯದ್ದು. ಇವಳು ಊರಿಗೆ ಮುಟ್ಟಿದ ಮೇಲೆ ಮೇಲ್ ಹೋಗ್ತದೆ."

"ಅವರು ಹೆಚ್ಚು ಬಿತ್ತಿದ್ದಾರೆ. ನಾವೇ ಹೇಳಿದ್ದು."

"ಅವರಿಗೂ ಉಮೇದು ಇರ್ಬೇಕಲ್ಲ? ಇಲ್ಲದಿದ್ರೆ ಇಲ್ಲಿವರೆಗೆ ಬೀಜ ತರ್ತಿದ್ಲಾ? ನೀನು ಚಂದ ಹೇಳಿದ್ದಿ." ಆಮೇಲೆ ಅದೇ ದನಿಯಲ್ಲಿ, "ನಗಾಡು ಸ್ವಲ್ಪ. ನೋಡ್ತಾ ಇದ್ದಾಳೆ," ಎಂದರು.

ನಾನು ಬರೆದುಕೊಟ್ಟ ಹಳ್ಳಿಯ ಬೇಸಾಯ ಯಾವ ಅಂಗಡಿಗೂ ಹೋಗಿರಲಿಲ್ಲ, ಬುರೈಮಿಯ ಜಮೀನಿನವರಿಗೆ ಹೋಗಿತ್ತು ಎಂದು ಅವರೇ ಮುಂದೆ ಹೇಳಿದರು. ನನ್ನನ್ನು ಹೊಗಳುವುದಕ್ಕೇ ಹೇಳಿದರು. ಹೊರಡುವಾಗ ಅಧ್ಯಕ್ಷೆಗೆ ಇಂಗ್ಲಿಷಿನಲ್ಲಿ ಬಹಳ ಒಳ್ಳೆಯ ಕೆಲಸವೆಂದರು. ನನಗೆ, "ಬೀಜದ ಸಾಲು ಮುಟ್ಟಬೇಡಿ. ಕಾಯಿ ಒಣಗಿ ಬಾಯಿ ಬಿಡುವವರೆಗೆ ಇರ್ಲಿ. ಇವಳ ಟಿಕೆಟ್ ಅದಕ್ಕಿಂತ ಮುಂಚೆಯೇ ಮಾಡಿಸ್ತೇನೆ," ಎಂದರು.

ಕಾರು ಮರೆಯಾಯಿತು. ಅಧ್ಯಕ್ಷೆ ಬಲೆಯ ಕೆಳಗೆ ಕುಳಿತು ಕೊಳವೆ ಕೈಗೆತ್ತಿಕೊಂಡರು. "ಏನಂದರು?"

ನಾನು ಎದುರಿಗೆ ಕುಳಿತು ಮ್ಯಾನೇಜರ್ ಹೇಳಿದ್ದನ್ನೆಲ್ಲ ಹೇಳಿದ ಕ್ರಮದಲ್ಲೇ ಹೇಳಿದೆ. ನಗು ಎಂದದ್ದನ್ನೂ ಹೇಳಿದೆ. ಅಧ್ಯಕ್ಷೆಯ ಕೈ ನಿಲ್ಲಲಿಲ್ಲ. ಕಾಯಿಗಳು ಒಂದೊಂದಾಗಿ ಬಟ್ಟಲಿಗೆ ಬೀಳುತ್ತಿದ್ದವು.

"ನಿಮ್ಮೂರಿನವರು ಅಂತ ನೀನೇ ಅಂದಿದ್ದೆ."

"ಹೌದು."

"ನಿಮ್ಮೂರಿನವರು ಹೀಗೇನಾ?"

ನಾನೂ ಒಂದು ಕೊಳವೆ ಎತ್ತಿಕೊಂಡೆ.

"ನಿನಗೆ ಇವತ್ತೇ ಗೊತ್ತಾಯ್ತಾ?"

"ಇವತ್ತೇ, ಆಂಟಿ."

"ಅದು ನನಗೆ ಹೇಗೆ ಗೊತ್ತಾಗಬೇಕು?"

ಅವರು ಎದ್ದು ಹೋಗಿ ಖರ್ಜೂರದ ಮರಕ್ಕೆ ಒರಗಿ ಹಳ್ಳಿಗೆ ಫೋನ್ ಮಾಡಿದರು. ಬಹಳ ಹೊತ್ತು ಮಾತಾಡಿದರು. ಅಲ್ಲಿಯೂ ಕೊಯ್ಲು ಆಗಷ್ಟೇ ಶುರುವಾಗಿತ್ತು. ಕೊಯ್ಲು ಮುಗಿಯುವವರೆಗೆ ವಾರದ ಸಂತೆಗೆ ಸೆನೆಗಲ್ಲಿನ ವ್ಯಾಪಾರಿಗಳು ಬರುತ್ತಾರಂತೆ. ಕಡಿಮೆಗೆ ಕೇಳುತ್ತಾರೆ, ಆದರೂ ಈಗಲೇ ಕೊಡಿ, ಒಮಾನಿಗೆಂದು ಕಟ್ಟಿಡಬೇಡಿ ಎಂದು ಹೇಳಿದ್ದಾಗಿ ತಿಳಿಸಿದರು. ಮೇಲ್ ಬರುವವರೆಗೆ ಕಾದಿದ್ದರೆ ಆ ಸಂತೆಗಳೆಲ್ಲ ಮುಗಿದಿರುತ್ತಿದ್ದವು. "ನನ್ನ ಗಂಡ ಏನೂ ಅನ್ನಲಿಲ್ಲ," ಎಂದರು. "ಬೈದಿದ್ದರೆ ಚೆನ್ನಾಗಿತ್ತು."

ಮರುದಿನ ಬೆಳಿಗ್ಗೆ ಹೊಲದ ಅಂಚಿನಲ್ಲಿ ಅವರು ಕುಶಲ ಕೇಳಲಿಲ್ಲ. ಡ್ರೈವರ್ ನನ್ನ ಮುಖ ನೋಡಿದ. ಅವರು ನೇರವಾಗಿ ಬೀಜದ ಸಾಲುಗಳ ಬಳಿ ಹೋಗಿ ನಿಂತರು. "ಇದನ್ನು ಏನು ಮಾಡ್ತೀ?"

"ನೀವು ಹೇಳಿ."

"ನಿನ್ನ ಕೈಗೆ ಕೊಟ್ಟದ್ದು. ನನ್ನನ್ನು ಕೇಳಬೇಡ."

ಒಂದು ಕಾಯಿ ಮುರಿದು ಸೀಳಿದೆ. ಬೀಜ ಇನ್ನೂ ಬೆಳ್ಳಗೆ, ಉಗುರಿನಿಂದ ಒತ್ತಿದರೆ ಹಾಲಾಗುವಷ್ಟು ಎಳಸು. ಬಲಿಯುವವರೆಗೆ ಬಿಟ್ಟರೆ ಅಧ್ಯಕ್ಷೆ ಊರಿಗೆ ಹೋಗಿರುತ್ತಾರೆ, ಬೀಜವೆಲ್ಲ ಕಂಪನಿಯದಾಗುತ್ತದೆ. ಅವರ ಪಾಲನ್ನು ಆಮೇಲೆ ಕಳಿಸೋಣವೆಂದರೆ, ಬೀಜ ಗಡಿ ದಾಟಲು ಬೇಕಾದ ಸರ್ಟಿಫಿಕೇಟು ಮ್ಯಾನೇಜರರ ಮೂಲಕವೇ ಆಗಬೇಕು. ಈಗ ಕೊಯ್ದರೆ ಯಾರಿಗೂ ಇಲ್ಲ. ವೊಂಜೊ ಬೀಜ ಎಲ್ಲಿ ಬೇಕಾದರೂ ಸಿಗುತ್ತದೆ, ಈ ಕಪ್ಪುಗೆಂಪಿನ ತಳಿ ಆ ಹಳ್ಳಿಯ ಹೊರಗೆ ಸಿಗುವುದಿಲ್ಲ. ಅದನ್ನು ನಾನೇ ಕಂಪನಿಗೆ ಬರೆದುಕೊಟ್ಟಿದ್ದೆ.

"ಎಲ್ಲ ಕೊಯ್ಯೋಣ," ಎಂದೆ.

"ಆಗ ನನಗೆ ತಿರುಗಿ ಕೊಡೋದಕ್ಕೆ ನಿನ್ನ ಹತ್ತಿರ ಏನೂ ಇರೋದಿಲ್ಲ."

"ಇರೋದಿಲ್ಲ."

"ಗೊತ್ತಿದ್ದೇ ಹೇಳ್ತಿದ್ದೀಯಾ?"

"ಹೌದು."

ಅವರು ಬುಟ್ಟಿ ತೆಗೆದುಕೊಂಡು ಒಂದು ಸಾಲಿಗೆ ಹೋದರು. ನಾನು ಪಕ್ಕದ ಸಾಲಿಗೆ. ಡ್ರೈವರ್ ಕೈಕಟ್ಟಿ ನಿಂತಿದ್ದವನು, "ಯಲ್ಲಾ, ನಡೀರಿ. ನನ್ನ ಹತ್ರ ಯಾರೂ ಎಂತದ್ದೂ ಮುಟ್ಟಬೇಡ ಅಂತ ಹೇಳ್ಲಿಲ್ಲ," ಎನ್ನುತ್ತಾ ಮೂರನೆಯ ಸಾಲಿಗೆ ಇಳಿದ. ಹೊದಿಕೆ ತುಸು ಬಲಿತಿತ್ತು. ಆದರೂ ಎಲ್ಲವನ್ನೂ ಬಿಡಿಸಿ ಬಲೆಯ ಮೇಲೆ ಹರಡಿದೆವು. ಕಂಪನಿಗೆ ಸೇರಬೇಕಾದ ಸರಕು ಕಂಪನಿಗೇ ಸೇರಿತು. ಹಸಿರು ಕಾಯಿಗಳ ರಾಶಿಯನ್ನು ಯಜಮಾನರ ಆಡುಗಳ ಮುಂದೆ ಸುರಿದೆವು. ಅವು ತಲೆ ಎತ್ತದೆ ತಿಂದವು.

ಸಂಜೆಗೆ ಮುಂಚೆ ನಾನೇ ಮ್ಯಾನೇಜರಿಗೆ ಫೋನ್ ಮಾಡಿ ಹೇಳಿದೆ.

"ನಿಂಗೆ ಎಂತ ಮರ್ಲಾ? ತಲೆ ಸರಿ ಉಂಟಾ? ನಾನು ಮುಟ್ಟಬೇಡ ಅಂತ ಹೇಳ್ಲಿಲ್ವಾ?"

"ಹೇಳಿದ್ರಿ. ಅವರಿಗೂ ಎಲ್ಲ ಹೇಳಿದ್ದೇನೆ."

"ಅವಳು ನಿಂಗೆ ಯಾರು? ನಾನು ಯಾರು? ಊರಿನ ಹುಡುಗಿ ಅಂತ ನಂಬಿ ಮನೆಯವಳ ಹಾಗೆ ನೋಡಿದೆನಲ್ಲ. ಬೆನ್ನಿಗೆ ಚೂರಿ ಹಾಕಿದಿ."

"ನಾನೂ ಊರಿನವರು ಅಂತಲೇ ನಂಬಿದ್ದು, ಸರ್."

ಸರ್ ಎಂದದ್ದು ಅವರಿಗೆ ಕೇಳಿಸಿತೆಂದು ತೋರುತ್ತದೆ. ಫೋನ್ ಇಟ್ಟರು. ಆ ವಾರ ನಾನು ರಾಜೀನಾಮೆ ಕಳಿಸಿದೆ, ಅವರು ಅದೇ ದಿನ ಒಪ್ಪಿಕೊಂಡರು. ಅವರ ಹೆಂಡತಿಯಿಂದ ಒಂದು ಮೆಸೇಜ್ ಬಂತು. ಓದಿದೆ, ಉತ್ತರಿಸಲಿಲ್ಲ. ಜ್ವರದಲ್ಲಿ ಅವರು ಕಳಿಸಿದ್ದ ಗಂಜಿಯನ್ನು ಇಂದಿಗೂ ಕಹಿಯಾಗಿ ನೆನಪಿಸಿಕೊಳ್ಳಲು ನನಗಾಗಿಲ್ಲ. ಅದು ಒಳ್ಳೆಯ ಗಂಜಿಯೇ ಆಗಿತ್ತು.

ಅಧ್ಯಕ್ಷೆಯನ್ನು ವಿಮಾನ ನಿಲ್ದಾಣಕ್ಕೆ ಬಿಡಲು ಡ್ರೈವರ್ ಮತ್ತು ನಾನು ಹೋದೆವು. ಇಬ್ರಿಯಿಂದ ಮಸ್ಕತ್‌ವರೆಗೆ ಅವರು ಹೆಚ್ಚು ಮಾತಾಡಲಿಲ್ಲ. ಒಣಗಿಸುವ ಬಲೆಯ ಬಟ್ಟೆ ಎಷ್ಟು ತೆಳುವಿರಬೇಕೆಂದು ಒಮ್ಮೆ ಕೇಳಿ ಖಚಿತಮಾಡಿಕೊಂಡರು. ಸಂತೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿದೆ, ಉಳಿದದ್ದಕ್ಕೆ ಇನ್ನೂ ಗಿರಾಕಿಯಿಲ್ಲ ಎಂದರು.

ಸಾಮಾನು ಇಳಿಸಿ ಟ್ರಾಲಿಗೆ ಹಾಕಿದ ಮೇಲೆ ಅವರು ನನ್ನ ಕಡೆ ತಿರುಗಿದರು.

"ಊರಿನಲ್ಲಿ ನಿನ್ನ ಬಗ್ಗೆ ಕೇಳ್ತಾರೆ. ಬೀಜ ತಗೊಂಡವಳು ತಿರುಗಿ ಕೊಡಲಿಲ್ಲ ಅಂತ ಹೇಳ್ತೀನಿ. ಅದು ಸುಳ್ಳಲ್ಲ."

"ಅಲ್ಲ, ಆಂಟಿ."

"ಯಾಕೆ ಅಂತಲೂ ಹೇಳ್ತೀನಿ." ಟ್ರಾಲಿಯ ಹಿಡಿಕೆಯ ಮೇಲೆ ಕೈಯಿಟ್ಟರು. "ಆದರೆ ಮೊದಲನೆಯದನ್ನೇ ಮೊದಲು ಹೇಳ್ತೀನಿ."

ಆ ಕ್ರಮ ನನಗೂ ಸರಿಯೆನಿಸಿತು. ಟ್ರಾಲಿಯ ಒಂದು ಚಕ್ರ ಓರೆಯಾಗಿ ಎಳೆಯುತ್ತಿತ್ತು. ಬಾಗಿಲ ತನಕ ಇಬ್ಬರೂ ಸೇರಿ ತಳ್ಳಿದೆವು.